ಓಡಿಸೋದು ಕಮ್ಮಿ, ನಿಲ್ಲಿಸೋದು ಜಾಸ್ತಿ: ನ್ಯೂಜಿಲೆಂಡಿನಲ್ಲಿ ಮೋಟರ್‌ಹೋಮ್ ಪ್ರವಾಸ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪ ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ನಮ್ಮದು ಸುಮಾರು 1.92 ಲಕ್ಷ ಚದರ ಕಿಲೋಮೀಟರ್, ಅದು 1.5 ಲಕ್ಷ. ಜನ ಅಂತೂ 12 ಲಕ್ಷದ ಆಸುಪಾಸು, ಅಷ್ಟೇ. ಅಷ್ಟೂ ಜನರನ್ನು ತಂದು ಬೆಂಗಳೂರಿನಲ್ಲಿ ಬಿಟ್ಟರೆ ಇಲ್ಲಿನ ಟ್ರಾಫಿಕ್‌ಗೆ ಏನೂ ಗೊತ್ತಾಗಲಿಕ್ಕಿಲ್ಲ.

ಈ ಲೆಕ್ಕ ಕೇಳಿದ ತಕ್ಷಣ ನಮ್ಮವರ ತಲೆಯಲ್ಲಿ ಒಂದು ಯೋಚನೆ ಓಡುತ್ತದೆ. ಇಷ್ಟೇ ತಾನೇ, ಹತ್ತು ದಿನದಲ್ಲಿ ಸುತ್ತಿ ಮುಗಿಸೋಣ ಅಂತ. ಮುಗಿಸಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ಕಾರು ತಗೊಳ್ಳಿ, ಹೋಟೆಲ್ ಬುಕ್ ಮಾಡಿ. ಮೋಟರ್‌ಹೋಮ್ ಅಂದರೆ ಒಳಗೇ ಹಾಸಿಗೆ, ಅಡುಗೆಮನೆ ಇರುವ ಗಾಡಿ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ಅದು ನಿಧಾನ, ಎತ್ತರ, ಗಾಳಿ ಬಂದರೆ ಓಲಾಡುತ್ತದೆ, ಡೀಸೆಲ್ ಕುಡಿಯುತ್ತದೆ. ದಿನಾ 400 ಕಿಲೋಮೀಟರ್ ಓಡಿಸಿದರೆ ಅದರ ಕಷ್ಟ ಎಲ್ಲ ನಿಮಗೆ, ಸುಖ ಯಾವುದೂ ಇಲ್ಲ. ಅದರ ಸುಖ ಇರುವುದು ನಿಂತಾಗ. ಹಾಗಾಗಿ ಪ್ಲಾನ್ ಮಾಡುವಾಗ ನೋಡುವ ಜಾಗಗಳಿಂದ ಶುರು ಮಾಡಬೇಡಿ, ಮಲಗುವ ಜಾಗಗಳಿಂದ ಶುರು ಮಾಡಿ. ನಾನು ಇವತ್ತು ಹೇಳಲಿಕ್ಕೆ ಬಂದಿರುವುದು ಇದೊಂದನ್ನೇ. ಉಳಿದದ್ದೆಲ್ಲ ಇದರ ಹಿಂದೆ ಬರುವ ವಿವರ.

ಬ್ರಿಟನ್ನಿನ ಜನ ಸ್ವಂತ ಕ್ಯಾರವಾನನ್ನು, ಅಂದರೆ ಎಂಜಿನ್ ಇಲ್ಲದ ಗಾಲಿಮನೆಯನ್ನು, ಕಾರಿನ ಹಿಂದೆ ಕಟ್ಟಿಕೊಂಡು, ಹಡಗು ಹತ್ತಿಸಿ, ಫ್ರಾನ್ಸಿಗೋ ಸ್ಪೇನಿಗೋ ಹೋಗಿ ವಾರಗಟ್ಟಲೆ ಇದ್ದು ಬರುತ್ತಾರೆ. ನಾವು ವಿಮಾನದಲ್ಲಿ ಹೋಗುವವರು. ನಮಗೆ ಆಗಿಬರುವುದು ಬಾಡಿಗೆಯ ಮೋಟರ್‌ಹೋಮ್. ಎಂಜಿನ್, ಹಾಸಿಗೆ, ಅಡುಗೆಮನೆ, ಕಕ್ಕಸು ಎಲ್ಲ ಒಂದೇ ಗಾಡಿಯಲ್ಲಿ ಇರುತ್ತದೆ.

ನ್ಯೂಜಿಲೆಂಡೇ ಯಾಕೆ ಅಂದರೆ, ಅಲ್ಲೂ ನಮ್ಮ ಹಾಗೇ ರಸ್ತೆಯ ಎಡಕ್ಕೆ ಓಡಿಸುತ್ತಾರೆ. ಸ್ಟೀರಿಂಗ್ ಬಲಕ್ಕಿದೆ. ಯುರೋಪಿನಲ್ಲೋ ಅಮೆರಿಕದಲ್ಲೋ ಆದರೆ ಮೊದಲ ಎರಡು ದಿನ ಪ್ರತಿ ತಿರುವಿನಲ್ಲೂ ಎದೆ ಢವಢವ. ನಮ್ಮ ಕಾರಿನ ಲೈಸೆನ್ಸೇ ಸಾಕು. ಅಲ್ಲಿ ಕಾರಿನ ಲೈಸೆನ್ಸ್ ಇದ್ದವರು 6,000 ಕೆಜಿ ತೂಕದ ಗಾಡಿಯವರೆಗೂ ಓಡಿಸಬಹುದು. ವಿವರ ಇಂಗ್ಲಿಷಿನಲ್ಲಿದ್ದರೆ ಭಾರತದ ಲೈಸೆನ್ಸ್ ನಡೆಯುತ್ತದೆ. ಆದರೂ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಬಾಡಿಗೆ ಕೌಂಟರಿನಲ್ಲಿ ನಿಂತು ವಾದ ಮಾಡುವುದು ತಪ್ಪುತ್ತದೆ.

ಇನ್ನೊಂದು ಅನುಕೂಲ ನಮ್ಮ ಕ್ಯಾಲೆಂಡರಿನದ್ದು. ಅಲ್ಲಿ ಜನ ಮುಗಿಬೀಳುವುದು ಡಿಸೆಂಬರ್, ಜನವರಿಯಲ್ಲಿ. ಅದು ಅವರ ಬೇಸಿಗೆ. ಬಾಡಿಗೆ ಗಗನಕ್ಕೆ ಹೋಗಿರುತ್ತದೆ, ಗಾಡಿ ನಿಲ್ಲಿಸಿ ತಂಗುವ ಒಳ್ಳೆಯ ಕ್ಯಾಂಪಿನಲ್ಲಿ ಜಾಗ ಸಿಗುವುದಿಲ್ಲ. ನಮ್ಮ ಶಾಲೆಗಳಿಗೆ ರಜೆ ಬರುವ ಏಪ್ರಿಲ್‌ನಲ್ಲಿ ಅಲ್ಲಿ ಶರತ್ಕಾಲ. ವನಾಕಾ, ಆರೋಟೌನ್ ಕಡೆ ಮರಗಳೆಲ್ಲ ಹಳದಿ, ಕೇಸರಿ. ಹಗಲು ಹಿತವಾದ ಬಿಸಿಲು, ರಾತ್ರಿ ಗಡಗಡ ಚಳಿ. ಬಾಡಿಗೆಯೂ ಇಳಿದಿರುತ್ತದೆ. ಎರಡು ವಿಷಯ ಮಾತ್ರ ನೆನಪಿರಲಿ. ಏಪ್ರಿಲ್ ಮಧ್ಯದಲ್ಲಿ ಅವರ ಶಾಲೆಗಳಿಗೂ ಎರಡು ವಾರ ರಜೆ ಬರುತ್ತದೆ, ಈಸ್ಟರ್ ಕೂಡ ಸಾಮಾನ್ಯವಾಗಿ ಅಲ್ಲೇ ಹತ್ತಿರ. ಆ ದಿನಗಳಿಗೆ ಕ್ಯಾಂಪ್ ಮೊದಲೇ ಕಾದಿರಿಸಿ. ಮತ್ತೆ ಗುಡ್ ಫ್ರೈಡೇ ದಿನ, ಈಸ್ಟರ್ ಭಾನುವಾರ, ಏಪ್ರಿಲ್ 25ರ ಮಧ್ಯಾಹ್ನ ಒಂದು ಗಂಟೆವರೆಗೆ ಅಲ್ಲಿ ಕಾನೂನು ಪ್ರಕಾರ ಹೆಚ್ಚಿನ ಅಂಗಡಿಗಳು ಮುಚ್ಚಿರಬೇಕು. ಸೂಪರ್‌ಮಾರ್ಕೆಟ್ಟೂ ಸೇರಿ. ನಮ್ಮಲ್ಲಿ ಹಬ್ಬ ಅಂದರೆ ಅಂಗಡಿ ರಾತ್ರಿ ಹನ್ನೊಂದಕ್ಕೂ ತೆರೆದಿರುತ್ತದೆ ಅಲ್ವಾ, ಅದೇ ನಂಬಿಕೆಯಲ್ಲಿ ಹೋದರೆ ಆ ದಿನ ಬಿಸ್ಕತ್ತೇ ಗತಿ.

ಸರಿ, ರಾತ್ರಿಗಳ ಲೆಕ್ಕಕ್ಕೆ ಬರೋಣ.

ನಿಮ್ಮ ಕೈಯಲ್ಲಿ 14 ರಾತ್ರಿ ಇದೆ ಅಂದುಕೊಳ್ಳಿ. ಮೊದಲನೆಯದು ಹೋಯಿತು. ಬೆಂಗಳೂರಿನಿಂದ ಸಿಂಗಾಪುರ, ಅಲ್ಲಿಂದ ಹತ್ತು ಗಂಟೆ ಹಾರಿ ಕ್ರೈಸ್ಟ್‌ಚರ್ಚ್. ಅವರ ಗಡಿಯಾರ ನಮಗಿಂತ ಆರೂವರೆ ಅಥವಾ ಏಳೂವರೆ ಗಂಟೆ ಮುಂದೆ. ಆ ನಿದ್ದೆಗಣ್ಣಿನಲ್ಲಿ ಏಳು ಮೀಟರ್ ಉದ್ದದ ಗಾಡಿಯ ಕೀಲಿ ಇಸಿದುಕೊಳ್ಳುವುದು ಬೇಡ. ಒಂದು ರಾತ್ರಿ ಹೋಟೆಲಿನಲ್ಲಿ ಮಲಗಿ, ಮಾರನೆಯ ದಿನ ಗಾಡಿ ತಗೊಳ್ಳಿ. ಕೊನೆಯ ರಾತ್ರಿಯೂ ಕ್ರೈಸ್ಟ್‌ಚರ್ಚ್‌ನಲ್ಲೇ ಇರಬೇಕು, ಬೆಳಿಗ್ಗೆ ಗಾಡಿ ವಾಪಸ್ ಕೊಡಲಿಕ್ಕೆ. ಉಳಿದದ್ದು 12. ಅದರಲ್ಲಿ ಎರಡನ್ನು ಯಾವ ಊರಿಗೂ ಕೊಡದೆ ಸುಮ್ನೆ ಖಾಲಿ ಇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಈಗ 10. ಒಂದೊಂದು ಜಾಗದಲ್ಲಿ ಎರಡೆರಡು ರಾತ್ರಿ ಅಂದರೆ ಐದು ಜಾಗ. ಮುಗೀತು ನಿಮ್ಮ ಪ್ಲಾನ್.

ಇಲ್ಲಿ ಜನರ ಮುಖ ಸಪ್ಪಗಾಗುತ್ತದೆ. ಐದೇ? ಹೌದು, ಐದೇ. ಎರಡು ರಾತ್ರಿ ಯಾಕೆ ಬೇಕು ಅಂದರೆ, ಗಾಡಿಯನ್ನು ಹೊರಡಿಸುವುದೇ ಒಂದು ಕೆಲಸ. ಹಾಸಿಗೆ ಮಡಚಿ ಮೇಜು ಮಾಡಬೇಕು. ಪಾತ್ರೆಗಳೆಲ್ಲ ಕಪಾಟಿಗೆ ಹೋಗಬೇಕು, ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಧಡಾರ್. ಗ್ಯಾಸ್ ಬಂದ್, ಮೇಲಿನ ಕಿಟಕಿ ಬಂದ್, ಕರೆಂಟ್ ಕೇಬಲ್ ಸುತ್ತಿಡು, ಕೊಳೆ ನೀರು ಚೆಲ್ಲು, ಒಳ್ಳೆ ನೀರು ತುಂಬು. ಬೆಳಿಗ್ಗೆ ಒಂದು ಗಂಟೆ ಇದಕ್ಕೇ. ದಿನಾ ಜಾಗ ಬದಲಿಸಿದರೆ ದಿನಾ ಮನೆ ಖಾಲಿ ಮಾಡಿದ ಹಾಗೆ. ಒಂದು ದಿನ ಬಿಟ್ಟು ಒಂದು ದಿನ ಆದರೆ, ನಡುವಿನ ದಿನ ಎದ್ದು ಕಾಫಿ ಹಿಡಿದು ಬಾಗಿಲಲ್ಲಿ ಕೂರಬಹುದು. ನಾವು ಹೋಗುವುದು ಅದಕ್ಕೇ ತಾನೇ?

ಓಡಿಸುವ ದಿನಕ್ಕೂ ಒಂದು ಮಿತಿ ಇರಲಿ. ಫೋನಿನ ಮ್ಯಾಪ್ ಮೂರು ಗಂಟೆ ಅಂದರೆ ನೀವು ನಾಲ್ಕು ಅಂದುಕೊಳ್ಳಿ. ಅದಕ್ಕಿಂತ ಜಾಸ್ತಿ ಇರುವ ದಾರಿಯನ್ನು ಎರಡಾಗಿ ಒಡೆಯಿರಿ. ಊರ ಹೊರಗೆ ಕಾರುಗಳಿಗೆ ಸಾಮಾನ್ಯವಾಗಿ ಗಂಟೆಗೆ 100 ಕಿಮೀ ಮಿತಿ ಇದೆ. 3,500 ಕೆಜಿ ಮೀರಿದ ಗಾಡಿಗೆ 90. ಆದರೆ ಮಲೆನಾಡಿನಂಥ ತಿರುವುಗಳಲ್ಲಿ ಆ ವೇಗ ಬರೀ ಹಲಗೆಯ ಮೇಲೆ. ಹಿಂದೆ ನಾಲ್ಕು ಕಾರು ಸಾಲುಗಟ್ಟಿದರೆ, ಎಡಕ್ಕೆ ಜಾಗ ಸಿಕ್ಕ ಕೂಡಲೇ ಸರಿದು ಬಿಟ್ಟುಕೊಡಿ. ಅಲ್ಲಿನವರು ಹಾರ್ನ್ ಹೊಡೆಯುವುದಿಲ್ಲ. ಸೀದಾ *555ಕ್ಕೆ ಫೋನ್ ಮಾಡಿ ಪೊಲೀಸರಿಗೆ ಹೇಳುತ್ತಾರೆ.

ನಾನು ಇಷ್ಟಪಡುವ ಸುತ್ತು ಹೀಗಿದೆ. ಕ್ರೈಸ್ಟ್‌ಚರ್ಚ್‌ನಿಂದ ಜೆರಾಲ್ಡೀನ್, ಫೇರ್ಲಿ ಹಾದು ಟೆಕಾಪೊ ಸರೋವರ. ಸುಮಾರು 230 ಕಿಮೀ. ಮೊದಲ ದಿನಕ್ಕೆ ಅಷ್ಟು ಬೇಕಾದಷ್ಟಾಯಿತು. ಅಲ್ಲಿ ನೀರಿನ ಅಂಚಿನಲ್ಲಿ 1935ರ ಒಂದು ಪುಟ್ಟ ಕಲ್ಲಿನ ಚರ್ಚು ಇದೆ. ಹಗಲು ಹೊತ್ತು ಬಸ್ಸುಗಟ್ಟಲೆ ಜನ ಇಳಿದು ಫೋಟೋ ತೆಗೆದು ಹತ್ತಿ ಹೋಗುತ್ತಾರೆ. ನೀವು ರಾತ್ರಿ ಅಲ್ಲೇ ಇರುವವರು, ಅವಸರ ಇಲ್ಲ. ಈ ಪ್ರದೇಶವನ್ನು 2012ರಲ್ಲಿ ಕತ್ತಲೆ ಆಕಾಶದ ಅಂತರರಾಷ್ಟ್ರೀಯ ಮೀಸಲು ತಾಣ ಅಂತ ಗುರುತಿಸಿದ್ದಾರೆ. ಬೀದಿ ದೀಪಗಳ ಬೆಳಕು ಮೇಲಕ್ಕೆ ಹೋಗದಂತೆ ಮುಚ್ಚಳ ಹಾಕಿರುತ್ತಾರೆ. ಮಲಗುವ ಮುಂಚೆ ಒಳಗಿನ ದೀಪ ಆರಿಸಿ, ಕಂಬಳಿ ಹೊದ್ದು ಹೊರಗೆ ಹತ್ತು ನಿಮಿಷ ನಿಲ್ಲಿ. ನಮ್ಮ ಕಡೆಯಿಂದ ಕಾಣುವುದೇ ಕಷ್ಟವಾದ ಮೆಜಲನಿಕ್ ಮೋಡಗಳು ಬರಿಗಣ್ಣಿಗೆ ಕಾಣುತ್ತವೆ. ಎರಡು ಮಸುಕು ಬಿಳಿ ತೇಪೆಗಳು. ಅವು ಮೋಡ ಅಲ್ಲ, ಬೇರೆ ಎರಡು ಗೆಲಾಕ್ಸಿಗಳು.

ಆಮೇಲೆ ಪುಕಾಕಿ ಸರೋವರದ ದಡದಲ್ಲೇ ಓಡಿ ಆವೊರಾಕಿ, ಅಂದರೆ ಮೌಂಟ್ ಕುಕ್. 3,724 ಮೀಟರ್, ದೇಶದಲ್ಲೇ ಎತ್ತರದ ಶಿಖರ. ಪುಕಾಕಿಯ ನೀಲಿ ನೋಡಿ ಜನ ಫೋಟೋಗೆ ಬಣ್ಣ ಹಚ್ಚಿದ್ದಾರೆ ಅಂದುಕೊಳ್ಳುತ್ತಾರೆ. ಹಿಮನದಿ ಬಂಡೆಯನ್ನು ಅರೆದು ಮಾಡಿದ ನುಣ್ಣನೆ ಹುಡಿ ನೀರಿನಲ್ಲಿ ತೇಲುತ್ತಿರುತ್ತದೆ, ಆ ಬಣ್ಣ ಅದರದ್ದು. ಪರ್ವತದ ಬುಡದಲ್ಲಿ ವೈಟ್ ಹಾರ್ಸ್ ಹಿಲ್ ಅನ್ನುವ ಕ್ಯಾಂಪ್ ಇದೆ. ಅಲ್ಲಿನ ಸಂರಕ್ಷಣಾ ಇಲಾಖೆಯದ್ದು. ಎಲ್ಲರೂ ಆ ಇಲಾಖೆಯನ್ನು ಡಾಕ್ ಅಂತಲೇ ಕರೆಯುವುದು. ಕರೆಂಟ್ ಪಾಯಿಂಟ್ ಇಲ್ಲ, ಬಿಸಿನೀರಿನ ಐಷಾರಾಮ ಇಲ್ಲ. ಆದರೆ ಕಿಟಕಿ ತೆಗೆದರೆ ಹಿಮ. ಅಲ್ಲಿಂದ ಕಿಯಾ ಪಾಯಿಂಟಿಗೆ ನಡೆದು ಬರಲಿಕ್ಕೆ ಒಂದು ಗಂಟೆ ಸಾಕು. ದಿನಸಿ ಮಾತ್ರ ಮೊದಲೇ ಟ್ವೈಜಲ್‌ನಲ್ಲಿ ತುಂಬಿಕೊಳ್ಳಿ. 1968ರಲ್ಲಿ ಜಲವಿದ್ಯುತ್ ಯೋಜನೆಯ ಕೆಲಸಗಾರರಿಗೆ ಕಟ್ಟಿದ ಊರು ಅದು. ಯೋಜನೆ ಮುಗಿದ ಮೇಲೆ ಕಿತ್ತುಹಾಕಬೇಕಿತ್ತು, ಜನ ಬಿಡಲಿಲ್ಲ.

ಮೂರನೆಯದು ವನಾಕಾ. ನಡುವೆ 971 ಮೀಟರ್ ಎತ್ತರದ ಲಿಂಡಿಸ್ ಕಣಿವೆದಾರಿ, ಬೋಳು ಗುಡ್ಡಗಳ ಮೇಲೆ ಕಂದು ಹುಲ್ಲು. ವನಾಕಾದಲ್ಲಿ ಒಂದು ತೀರ್ಮಾನ ಮಾಡಬೇಕು. ಕೆಳಗೆ ತೆ ಅನಾವು ಊರು, ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿರುವ ಮಿಲ್ಫರ್ಡ್ ಸೌಂಡ್ ಕಡೆಯೋ, ಅಥವಾ ಹಾಸ್ಟ್ ಕಣಿವೆದಾರಿ ದಾಟಿ ಪಶ್ಚಿಮ ಕರಾವಳಿಯೋ? ಎರಡೂ ಬೇಕು ಅನ್ನುವವರು ಮೂರು ವಾರ ಇಟ್ಟುಕೊಂಡು ಹೋಗಿ. ಎರಡು ವಾರಕ್ಕೆ ಒಂದು ಆರಿಸಿ.

ಮಿಲ್ಫರ್ಡ್ ಆರಿಸಿದರೆ ನನ್ನದೊಂದು ಸಲಹೆ ಇದೆ. ಗಾಡಿಯನ್ನು ತೆ ಅನಾವುನ ಕ್ಯಾಂಪಿನಲ್ಲಿ ಬಿಟ್ಟು, ಬಸ್ಸಿನಲ್ಲಿ ಹೋಗಿ ಬನ್ನಿ. ಒಂದು ಕಡೆಗೇ ಸುಮಾರು 120 ಕಿಮೀ, ದಾರಿಯುದ್ದಕ್ಕೂ ಬಹುಪಾಲು ಮೊಬೈಲ್ ಸಿಗ್ನಲ್ ಇಲ್ಲ. ಮಧ್ಯೆ ಬಂಡೆ ಕೊರೆದ ಹೋಮರ್ ಸುರಂಗ ಬರುತ್ತದೆ. 1.2 ಕಿಮೀ ಉದ್ದ, ಒಳಗೇ ಇಳಿಜಾರು, 1954ರಲ್ಲಿ ತೆರೆದದ್ದು. ಅಂಥ ದಾರಿಯಲ್ಲಿ ಓಡಿಸುವವರು ಬರೀ ಟಾರು ನೋಡುತ್ತಾರೆ, ಬೆಟ್ಟ ನೋಡುವುದಿಲ್ಲ. ನಮ್ಮನೆಯವರು ಇದನ್ನು ಒಪ್ಪುವುದಿಲ್ಲ. ಓಡಿಸುವುದೇ ಮಜಾ ಅನ್ನುತ್ತಾರೆ. ನೀವು ಯಾರ ಪಕ್ಷವಾದರೂ ಸೇರಬಹುದು.

ಪಶ್ಚಿಮ ಕರಾವಳಿ ಆರಿಸಿದರೆ, ಖಾಲಿ ಇಟ್ಟ ಆ ಎರಡು ರಾತ್ರಿಗಳು ಇಲ್ಲಿ ಬೇಕಾಗುತ್ತವೆ.

ಆ ಕರಾವಳಿಯ ಉದ್ದಕ್ಕೂ ಇರುವುದು ಒಂದೇ ರಸ್ತೆ. ಹಾಸ್ಟ್ ಕಡೆಯಿಂದ ಅದು ಪೂರ್ತಿ ಕೂಡಿಕೊಂಡದ್ದೇ 1965ರಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮೂರು ಸಾವಿರ ಮೀಟರಿನ ಗೋಡೆ. ಸಮುದ್ರದ ಮೋಡ ಬಂದು ಆ ಗೋಡೆಗೆ ಬಡಿಯುತ್ತದೆ, ಸುರಿಯುತ್ತದೆ. ನಮ್ಮ ಸಹ್ಯಾದ್ರಿಯದೇ ಕಥೆ, ಇನ್ನೂ ಎತ್ತರದಲ್ಲಿ. 2019ರ ಮಾರ್ಚ್ ಕೊನೆಯಲ್ಲಿ ಹೊಕಿಟಿಕಾದ ಹಿಂದಿನ ಬೆಟ್ಟದಲ್ಲಿ, ಕ್ರಾಪ್ ನದಿಯ ಮಳೆಮಾಪಕದಲ್ಲಿ, 48 ಗಂಟೆಯಲ್ಲಿ 1,086 ಮಿಲಿಮೀಟರ್ ಮಳೆ ದಾಖಲಾಯಿತು. ಆಗುಂಬೆಯವರೂ ಹುಬ್ಬೇರಿಸುವ ಮಳೆ. ಅದೇ ಮಳೆಗೆ ಫ್ರಾನ್ಜ್ ಜೋಸೆಫ್ ಊರಿನ ಹತ್ತಿರ ವೈಹೊ ನದಿಯ ಸೇತುವೆ ಕೊಚ್ಚಿಕೊಂಡು ಹೋಯಿತು. ಹೊಸದನ್ನು ಮೂರು ವಾರದೊಳಗೆ ಕಟ್ಟಿದರು, ಮೆಚ್ಚಬೇಕು. ಆದರೆ ಅಷ್ಟು ದಿನ ಸೇತುವೆಯ ಈಚೆ ಇದ್ದವರು ಆಚೆ ಹೋಗಬೇಕಾದರೆ ಬೆಟ್ಟಸಾಲನ್ನೇ ದಾಟಿ, ಅರ್ಧ ದ್ವೀಪ ಸುತ್ತಿ ಬರಬೇಕಿತ್ತು.

ಅಷ್ಟು ದೊಡ್ಡದು ಅಪರೂಪ. ಚಿಕ್ಕದು ಆಗಾಗ ಆಗುತ್ತಲೇ ಇರುತ್ತದೆ. ಗುಡ್ಡ ಜರಿಯಿತು, ರಸ್ತೆ ಇವತ್ತು ಸಂಜೆವರೆಗೆ ಬಂದ್. ಗಾಳಿ ಜೋರು, ಎತ್ತರದ ವಾಹನ ಬೇಡ. ಹತ್ತೂ ರಾತ್ರಿ ಮುಂಗಡ ಕೊಟ್ಟು ಬಿಗಿದುಕೊಂಡವರಿಗೆ ಆಗ ಏನಾಗುತ್ತದೆ? ಒಂದು ಕ್ಯಾಂಪಿನ ದುಡ್ಡು ಹೋಗಬಾರದು ಅಂತ ಅದೇ ಗಾಳಿಯಲ್ಲಿ ಗಾಡಿ ಹೊರಡಿಸುತ್ತಾರೆ. ಖಾಲಿ ರಾತ್ರಿ ಇದ್ದವರು ಇನ್ನೊಂದು ಲೋಟ ಕಾಫಿ ಮಾಡಿಕೊಳ್ಳುತ್ತಾರೆ. ಹವಾಮಾನ ಚೆನ್ನಾಗಿದ್ದರೂ ಆ ದಿನಗಳು ದಂಡ ಅಲ್ಲ. ಎಲ್ಲಿ ಮನಸ್ಸು ನಿಂತಿತೋ ಅಲ್ಲಿ ಖರ್ಚು ಮಾಡಿ. ಕರಾವಳಿ ಹಿಡಿದು ಹೊಕಿಟಿಕಾ, ಅಲ್ಲಿಂದ 920 ಮೀಟರಿನ ಆರ್ಥರ್ಸ್ ಪಾಸ್ ಹತ್ತಿ ಇಳಿದರೆ ಮತ್ತೆ ಕ್ರೈಸ್ಟ್‌ಚರ್ಚ್.

ಮುಂದಿನ ಸಾಲಿನ ಹಿರಿಯರೊಬ್ಬರು ಆಗಿನಿಂದ ಚಡಪಡಿಸುತ್ತಿದ್ದರು. "ಅದೆಲ್ಲ ಸರಿ ಮೇಡಂ, ಬೆಳಿಗ್ಗೆ ಕಕ್ಕಸಿಗೆ ಏನು ಮಾಡೋದು?" ಅಂತ ಕೇಳಿಯೇ ಬಿಟ್ಟರು. ಎಲ್ಲರೂ ನಕ್ಕರು. ಆದರೆ ಎಲ್ಲರ ಮನಸ್ಸಿನಲ್ಲಿ ಇದ್ದದ್ದೂ ಅದೇ. ವಿವರವಾಗಿಯೇ ಹೇಳುತ್ತೇನೆ.

ಅಲ್ಲಿ ರಾತ್ರಿ ತಂಗಲು ಮೂರು ಬಗೆ. ಒಂದು, ಖಾಸಗಿ ಹಾಲಿಡೇ ಪಾರ್ಕ್. ಕರೆಂಟ್, ಬಿಸಿನೀರಿನ ಸ್ನಾನ, ದೊಡ್ಡ ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಎಲ್ಲ ಇರುತ್ತದೆ. ಎರಡು, ಡಾಕ್‌ನ ಕ್ಯಾಂಪ್. ಅಗ್ಗ, ಸರಳ, ಜಾಗ ಮಾತ್ರ ಅದ್ಭುತ. ಮೂರು, ಪುಕ್ಕಟೆ ನಿಲ್ಲಲು ಬಿಡುವ ಸಾರ್ವಜನಿಕ ಜಾಗಗಳು. ಈ ಮೂರನೆಯದಕ್ಕೆ 2023ರಲ್ಲಿ ಕಾನೂನು ಬಿಗಿ ಮಾಡಿದರು. ನಗರಸಭೆಯ ಅಂಥ ಜಾಗಗಳಲ್ಲಿ ತಂಗಬೇಕಾದರೆ ಗಾಡಿಯೊಳಗೆ ಜೋಡಿಸಿದ ಕಕ್ಕಸು ಇರಬೇಕು, ಹಾಸಿಗೆ ಹಾಸಿದ ಮೇಲೂ ಅದನ್ನು ಬಳಸಲು ಆಗಬೇಕು. ಮೂರು ದಿನಕ್ಕಾಗುವ ನೀರು ಮತ್ತು ಕೊಳೆ ಹಿಡಿದಿಡುವ ವ್ಯವಸ್ಥೆ ಇರಬೇಕು. ಪರೀಕ್ಷೆ ಮಾಡಿ ಹಸಿರು ಚೀಟಿ ಕೊಡುತ್ತಾರೆ. ಸೀಟಿನ ಕೆಳಗೆ ಒಂದು ಬಕೆಟ್ ಇಟ್ಟು ಕಕ್ಕಸಿದೆ ಅನ್ನುವ ಕಾಲ ಹೋಯಿತು. ಊರಿಗೊಂದು ನಿಯಮ, ಬೀದಿಗೊಂದು ಹಲಗೆ. ತಪ್ಪಿದರೆ 400 ನ್ಯೂಜಿಲೆಂಡ್ ಡಾಲರಿನಿಂದ ದಂಡ ಶುರು. ಬಾಡಿಗೆಗೆ ಗಾಡಿ ಆರಿಸುವಾಗ ಆ ಹಸಿರು ಚೀಟಿ ಇದೆಯಾ ಅಂತ ಕೇಳಿ ತಗೊಳ್ಳಿ.

ಇನ್ನು ಕೆಲಸ ಹೇಗೆ ಅಂದರೆ, ಕಕ್ಕಸಿನ ಕೆಳಗೆ ಒಂದು ಚಪ್ಪಟೆ ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತದೆ. ಕ್ಯಾಸೆಟ್ ಅನ್ನುತ್ತಾರೆ. ಸುಮಾರು 18 ಲೀಟರ್ ಹಿಡಿಯುತ್ತದೆ. ಇಬ್ಬರಿಗೆ ಎರಡು ದಿನ ಧಾರಾಳ. ಹೊರಗಡೆಯಿಂದ ಗಾಡಿಯ ಪಕ್ಕದ ಚಿಕ್ಕ ಬಾಗಿಲು ತೆರೆದು ಅದನ್ನು ಎಳೆಯಬೇಕು. ಹೆಚ್ಚಿನದಕ್ಕೆ ಗಾಲಿ, ಹಿಡಿಕೆ ಇರುತ್ತದೆ, ಸೂಟ್‌ಕೇಸಿನ ಹಾಗೆ ಎಳೆದುಕೊಂಡು, ಕೊಳೆ ಚೆಲ್ಲುವ ಡಂಪ್ ಸ್ಟೇಷನ್ನಿಗೆ ಹೋಗುವುದು. ಮೂತಿ ತಿರುಗಿಸಿ, ಮುಚ್ಚಳ ಬಿಚ್ಚಿ, ಗಾಳಿ ಬಿಡುವ ಗುಂಡಿ ಒತ್ತಿಕೊಂಡು ನಿಧಾನ ಬಗ್ಗಿಸಬೇಕು. ಆ ಗುಂಡಿ ಒತ್ತದಿದ್ದರೆ ಗುಳುಗುಳು ಅಂತ ಚಿಮ್ಮುತ್ತದೆ. ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿ, ಒಂದು ಪೊಟ್ಟಣ ರಾಸಾಯನಿಕ ಹಾಕಿ, ವಾಪಸ್ ತಳ್ಳುವುದು. ಐದು ನಿಮಿಷ. ಕೈಗವಸು ತಗೊಂಡು ಹೋಗಿ. ಎಲ್ಲ ಊರಲ್ಲೂ ಹೀಗೆ ಚೆಲ್ಲುವ ಜಾಗ ಇರುವುದಿಲ್ಲ, ಮುಂದಿನದು ಎಲ್ಲಿದೆ ಅಂತ ಕ್ಯಾಂಪರ್‌ಮೇಟ್ ಆ್ಯಪ್‌ನಲ್ಲಿ ನೋಡಿಕೊಂಡೇ ಹೊರಡಿ. ಇಬ್ಬರಲ್ಲಿ ಯಾರು ಮಾಡುವುದು ಅಂತ ಇಲ್ಲೇ, ಮನೆಯಲ್ಲೇ ತೀರ್ಮಾನ ಆಗಿರಲಿ. ನನ್ನ ಪ್ರಕಾರ ಅಡುಗೆ ಮಾಡುವವರು ಇದನ್ನು ಮಾಡಬಾರದು. ಹೆಂಗಸರ ಕಡೆಯಿಂದ ಇದಕ್ಕೆ ಚಪ್ಪಾಳೆ ಬಿತ್ತು, ಅದನ್ನೂ ಬರೆದಿಡುತ್ತೇನೆ.

ನೀರಿನ ಲೆಕ್ಕವೂ ಹೀಗೇ. ತೊಟ್ಟಿ ತುಂಬಾ ದೊಡ್ಡದಲ್ಲ, ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆದರೆ ಒಂದು ದಿನಕ್ಕೆ ಖಾಲಿ. ಎರಡು ರಾತ್ರಿ ಡಾಕ್ ಕ್ಯಾಂಪ್, ಆಮೇಲೆ ಎರಡು ರಾತ್ರಿ ಹಾಲಿಡೇ ಪಾರ್ಕ್ ಅಂತ ಹೆಣೆದುಕೊಂಡರೆ ಸ್ನಾನ, ಬಟ್ಟೆ, ಬ್ಯಾಟರಿ ಚಾರ್ಜ್ ಎಲ್ಲ ತಾನಾಗಿ ಸರಿಹೋಗುತ್ತದೆ. ಪಾರ್ಕಿನಲ್ಲಿ ಕರೆಂಟ್ ಕೇಬಲ್ ಹಾಕುವಾಗ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಕಿ. ಸುತ್ತಿಟ್ಟೇ ಹೀಟರ್ ಹಚ್ಚಿದರೆ ಕೇಬಲ್ ಕಾದುಹೋಗುತ್ತದೆ.

ಅಡುಗೆ ವಿಷಯ. ಒಂದು ಸಣ್ಣ ಕುಕ್ಕರ್ ಹೊತ್ತುಕೊಂಡು ಹೋಗಿ, ಬಾಡಿಗೆ ಗಾಡಿಯ ಪಾತ್ರೆಗಳಲ್ಲಿ ಅದು ಇರುವುದಿಲ್ಲ. ಅಕ್ಕಿ, ಬೇಳೆ, ತರಕಾರಿ, ಮೊಸರು ಅಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಒಗ್ಗರಣೆ ಮಾತ್ರ ಗಾಡಿಯೊಳಗೆ ಬೇಡ. ಹಾಸಿಗೆಗೂ ಒಲೆಗೂ ಒಂದೂವರೆ ಮೀಟರ್ ದೂರ. ಮೆಣಸಿನಕಾಯಿ ಘಾಟು ಹೊದಿಕೆಗೆ ಹತ್ತಿದರೆ ರಾತ್ರಿಯಿಡೀ ಕೆಮ್ಮು, ಜೊತೆಗೆ ಹೊಗೆಯ ಅಲಾರಂ ಕೂಗಿ ಅಕ್ಕಪಕ್ಕದವರೆಲ್ಲ ಎದ್ದು ಬರುತ್ತಾರೆ. ಪಾರ್ಕಿನ ಸಾರ್ವಜನಿಕ ಅಡುಗೆಮನೆಯಲ್ಲಿ ಒಗ್ಗರಣೆ ಕೊಡಿ. ಪಕ್ಕದ ಒಲೆಯ ಜರ್ಮನ್ ಹುಡುಗಿ ಅದೇನು ಸಿಡಿಯುತ್ತಿದೆ ಅಂತ ಕೇಳುತ್ತಾಳೆ, ನಿಮಗೂ ಮಾತಿಗೆ ಜನ ಸಿಗುತ್ತಾರೆ.

ಇಲ್ಲಿಂದ ಏನು ಒಯ್ಯಬಹುದು? ತುಂಬ ಹುಷಾರು. ಆ ದೇಶ ಬದುಕಿರುವುದು ಹೈನು, ಹಣ್ಣು, ಕಾಡಿನ ಮೇಲೆ. ಹೊರಗಿನ ಕೀಟ, ರೋಗ ಬರಬಾರದು ಅಂತ ವಿಮಾನ ನಿಲ್ದಾಣದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಕರಿಬೇವು, ತಾಜಾ ಹಣ್ಣು, ಜೇನುತುಪ್ಪ ಕನಸಲ್ಲೂ ಬೇಡ. ಸಾರಿನ ಪುಡಿ, ಚಟ್ನಿ ಪುಡಿ, ಉಪ್ಪಿನಕಾಯಿ ಇದ್ದರೆ, ಅಂಗಡಿಯ ಲೇಬಲ್ ಇರುವ ಪ್ಯಾಕೆಟ್ಟನ್ನೇ ಒಯ್ಯಿರಿ, ಮತ್ತೆ ಪ್ರಯಾಣದ ಘೋಷಣಾ ಪತ್ರದಲ್ಲಿ ತಿನ್ನುವ ಪದಾರ್ಥ ಇದೆ ಅಂತ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ. ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್. ಚಾರಣದ ಬೂಟಿಗೆ ಕುಮಾರಪರ್ವತದ ಮಣ್ಣು ಮೆತ್ತಿದ್ದರೆ ತಿಕ್ಕಿ ತೊಳೆದು ಹೋಗಿ, ಅದನ್ನೂ ನೋಡುತ್ತಾರೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ದಿನಬಾಡಿಗೆ ನೋಡಿ ಮರುಳಾಗಬೇಡಿ. ಎರಡು ಕಡೆ ಕಣ್ಣಿಡಿ. ಒಂದು ವಿಮೆ. ಅಪಘಾತವಾದರೆ ನೀವು ಕಟ್ಟಬೇಕಾದ ಪಾಲನ್ನು ಎಕ್ಸೆಸ್ ಅನ್ನುತ್ತಾರೆ, ಅದು ಸಾವಿರಗಟ್ಟಲೆ ಡಾಲರ್ ಇರಬಹುದು. ಅಷ್ಟನ್ನು ಕ್ರೆಡಿಟ್ ಕಾರ್ಡಿನಲ್ಲಿ ಹಿಡಿದಿಡುತ್ತಾರೆ. ಜಾಸ್ತಿ ಕೊಟ್ಟು ಅದನ್ನು ಇಳಿಸಿಕೊಂಡರೂ ಗಾಡಿಯ ಛಾವಣಿ, ತಳ ಹಲವು ಕರಾರುಗಳಲ್ಲಿ ಹೊರಗೇ ಉಳಿಯುತ್ತವೆ. ಮೂರು ಮೀಟರ್ ಎತ್ತರದ ಗಾಡಿಯನ್ನು ತಗ್ಗು ಚಾವಣಿಯ ಪಾರ್ಕಿಂಗಿಗೆ ನುಗ್ಗಿಸಿದರೆ ದುಡ್ಡು ನಿಮ್ಮದೇ. ಗಾಳಿಗೆ ಬಾಗಿಲು ಕಿತ್ತುಬಂದರೂ ಅಷ್ಟೇ. ಕರಾರಿನ ಆ ಪುಟ ಓದಿ ಸಹಿ ಮಾಡಿ. ಇನ್ನೊಂದು ಡೀಸೆಲ್. ಬಂಕಿನಲ್ಲಿ ಅದು ಪೆಟ್ರೋಲಿಗಿಂತ ಅಗ್ಗ ಅಂತ ಕಾಣುತ್ತದೆ. ಪೆಟ್ರೋಲಿನ ರಸ್ತೆ ತೆರಿಗೆ ಬೆಲೆಯಲ್ಲೇ ಸೇರಿದೆ, ಡೀಸೆಲ್ಲಿನದ್ದು ಸೇರಿಲ್ಲ. ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಅದನ್ನು ಕಂಪನಿ ಕೊನೆಗೆ ವಸೂಲು ಮಾಡುತ್ತದೆ. ಕಮ್ಮಿ ಓಡಿಸಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ವೀಸಾ ಶುಲ್ಕದ ಜೊತೆ ಪ್ರವಾಸಿ ಲೆವಿ ಅಂತ ತಲೆಗೆ 100 ಡಾಲರ್ ಇದೆ, 2024ರ ಅಕ್ಟೋಬರಿನಲ್ಲಿ ಏರಿಸಿದ್ದು. ಅದನ್ನೂ ಸೇರಿಸಿಕೊಳ್ಳಿ.

ಒಬ್ಬ ತಾಯಿ ಕೇಳಿದರು, ಮಗು ಹಿಂದೆ ಹಾಸಿಗೆಯಲ್ಲಿ ಮಲಗಿಕೊಂಡು ಬರಬಹುದಾ ಅಂತ. ಇಲ್ಲಮ್ಮ. ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಇರುವ ಸೀಟಿನಲ್ಲೇ ಕೂತಿರಬೇಕು. ಏಳು ವರ್ಷ ತುಂಬದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಎಷ್ಟು ಜನ ಮಲಗಬಹುದು ಅನ್ನುವುದರ ಜೊತೆ ಎಷ್ಟು ಸೀಟಿಗೆ ಮಕ್ಕಳ ಸೀಟು ಕಟ್ಟಲು ಬರುತ್ತದೆ ಅಂತಲೂ ಕೇಳಿ.

ರಸ್ತೆಯಲ್ಲಿ ಹೊಸಬರಿಗೆ ಗಲಿಬಿಲಿ ಮಾಡುವುದು ಒಂದೇ ಗಾಡಿ ಹಿಡಿಯುವ ಸೇತುವೆಗಳು. ಪಶ್ಚಿಮ ಕರಾವಳಿಯ ತುಂಬ ಇವೆ. ಕೆಂಪು ವೃತ್ತದೊಳಗೆ ನಿಮ್ಮ ದಿಕ್ಕಿನ ಬಾಣ ಕೆಂಪಾಗಿ, ಚಿಕ್ಕದಾಗಿ ಇದ್ದರೆ ನೀವು ನಿಂತು ಎದುರಿನವರಿಗೆ ಬಿಡಬೇಕು. ನೀಲಿ ಹಲಗೆಯಲ್ಲಿ ನಿಮ್ಮ ಬಾಣ ಬಿಳಿಯಾಗಿ, ದೊಡ್ಡದಾಗಿ ಇದ್ದರೆ ಸರದಿ ನಿಮ್ಮದು. ಹಾಗಿದ್ದರೂ ಸೇತುವೆ ಮೇಲೆ ಆಗಲೇ ಗಾಡಿ ಇದ್ದರೆ ಕಾಯಿರಿ.

ಪ್ರಾಣಿಗಳ ಪೈಕಿ ಹೆದರಬೇಕಾದದ್ದು ಎರಡೇ, ಅಲ್ಲಿ ಹಾವು ಇಲ್ಲ. ಮೊದಲನೆಯದು ಸ್ಯಾಂಡ್‌ಫ್ಲೈ ಅನ್ನುವ ಸಣ್ಣ ಕಪ್ಪು ನೊಣ. ಕರಾವಳಿ, ಮಿಲ್ಫರ್ಡ್ ಕಡೆ ವಿಪರೀತ. ನಡೆಯುತ್ತಿದ್ದರೆ ಸುಮ್ಮನಿರುತ್ತದೆ, ನಿಂತರೆ ಕಾಲಿಗೆ ಮುತ್ತುತ್ತದೆ, ತುರಿಕೆ ವಾರಗಟ್ಟಲೆ. ಇನ್ನೊಂದು ಕಿಯಾ, ಬೆಟ್ಟದ ಹಸಿರು ಗಿಳಿ. ಆರ್ಥರ್ಸ್ ಪಾಸ್‌ನಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಬಂದು ಛಾವಣಿ ಮೇಲೆ ಇಳಿಯುತ್ತದೆ. ಕೊಕ್ಕಿನಿಂದ ಕಿಟಕಿಯ ರಬ್ಬರ್ ಹಿಡಿದು ಎಳೆಯುತ್ತದೆ, ಬಿಡುತ್ತದೆ, ತಲೆ ಓರೆ ಮಾಡಿ ನಿಮ್ಮನ್ನು ನೋಡುತ್ತದೆ, ಮತ್ತೆ ಎಳೆಯುತ್ತದೆ. ತಿನ್ನಲು ಏನೂ ಕೊಡಬೇಡಿ. ಫೋಟೋ ತೆಗೆದು ಗಾಡಿ ಹೊರಡಿಸಿ.

ಕೊನೆಯ ಪ್ರಶ್ನೆ ವಾಪಸ್ ಕೊಡುವ ದಿನದ್ದು. ಹೆಚ್ಚಿನ ಬಾಡಿಗೆ ಡಿಪೊಗಳು ಮಧ್ಯಾಹ್ನ ಮೂರು, ನಾಲ್ಕಕ್ಕೆ ಬಾಗಿಲು ಹಾಕುತ್ತವೆ. ನಿಮ್ಮ ವಿಮಾನ ಸಂಜೆ ಇದ್ದರೂ ಗಾಡಿ ಬೆಳಿಗ್ಗೆಯೇ ಕೊಡಿ. ಹಿಂದಿನ ರಾತ್ರಿ ಉಳಿದ ಅಕ್ಕಿ, ಬೇಳೆ, ಎಣ್ಣೆಯನ್ನು ಪಾರ್ಕಿನ ಅಡುಗೆಮನೆಯಲ್ಲಿ ನೋಡಿ ಇಡಿ. ಬಹಳ ಕಡೆ ಅದಕ್ಕೆಂದೇ ಒಂದು ಕಪಾಟು ಇರುತ್ತದೆ, ಆಗ ತಾನೇ ಬಂದಿಳಿದವರು ತಗೊಳ್ಳುತ್ತಾರೆ. ಬೆಳಿಗ್ಗೆ ಕ್ಯಾಸೆಟ್ ಖಾಲಿ ಮಾಡಿ, ಕೊಳೆ ನೀರು ಬಿಟ್ಟು, ಡೀಸೆಲ್ ತುಂಬಿಸಿ, ರಸೀದಿ ಇಟ್ಟುಕೊಳ್ಳಿ. ಕ್ಯಾಸೆಟ್ ಹಾಗೇ ಕೊಟ್ಟರೆ ಅದಕ್ಕೆ ಬೇರೆ ದುಡ್ಡು ಹಿಡಿಯುತ್ತಾರೆ. ಕೊಡುವ ಮುಂಚೆ ಗಾಡಿಯ ನಾಲ್ಕೂ ಕಡೆ, ಛಾವಣಿಯ ಅಂಚು, ಮುಂದಿನ ಗಾಜು ಎಲ್ಲ ವಿಡಿಯೋ ಮಾಡಿಕೊಳ್ಳಿ. ಇಸಿದುಕೊಂಡ ದಿನದ ವಿಡಿಯೋ ಕೂಡ ಫೋನಿನಲ್ಲಿ ಇರಲಿ. ಅವರು ಹಿಡಿದಿಟ್ಟಿದ್ದ ಬಾಂಡ್ ದುಡ್ಡು ಕಾರ್ಡಿಗೆ ವಾಪಸ್ ಬಂತಾ ಅಂತ ಊರಿಗೆ ಬಂದ ಮೇಲೂ ನೋಡುತ್ತಿರಿ, ಅದು ಬರುವ ತನಕ ಎರಡನ್ನೂ ಅಳಿಸಬೇಡಿ.